ನ್ಯೂಯಾರ್ಕ್‌ಗೆ ಹೋದರೆ ಕ್ವೀನ್ಸ್‌ನಲ್ಲಿ ಉಳಿದುಕೊಳ್ಳಬಹುದಾ?

ತುಮಕೂರಿನ ಹುಡುಗಿ:
ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ನ್ಯೂಯಾರ್ಕ್‌ಗೆ ಹೊರಟಿದ್ದೇನೆ. ಮ್ಯಾನ್‌ಹಟನ್‌ನ ಹೋಟೆಲ್ ದರ ನಮ್ಮ ಕೈಗೆ ಎಟಕುವಂತಿಲ್ಲ. ಅದಕ್ಕೆ ಅದೇ ನಗರದ ಇನ್ನೊಂದು ಭಾಗ, ನದಿಯಾಚೆಗಿನ ಕ್ವೀನ್ಸ್‌ನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ರೂಮ್ ಹುಡುಕುತ್ತಿದ್ದೇನೆ. ಹಿಂದೆ ಅಲ್ಲಿದ್ದು ಬಂದ ಚಿಕ್ಕಪ್ಪ ಮಾತ್ರ ಬೇಡವೇ ಬೇಡ ಅಂತಾರೆ. "ಏರ್‌ಪೋರ್ಟ್‌ನಿಂದ ಟ್ಯಾಕ್ಸಿಯಲ್ಲಿ ದಾಟಿ ಹೋಗೋ ಜಾಗ ಅದು, ನೋಡೋಕೆ ಏನಿದೆ?" ಅನ್ನುತ್ತಾರೆ. ಅಪ್ಪನಿಗೆ ಮೊಣಕಾಲು ನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಅಲ್ಲಿರುವವರು ದಯವಿಟ್ಟು ಹೇಳಿ.

ಏಳನೇ ನಂಬರ್ ರೈಲು:
ಧೈರ್ಯವಾಗಿ ಬನ್ನಿ ಮೇಡಂ. ನಾನು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲೇ ಮನೆ ಮಾಡಿಕೊಂಡಿರುವವಳು.

ಚಿಕ್ಕಪ್ಪ ಹೇಳಿದ ಮಾತನ್ನು ಆಗ ಎಲ್ಲರೂ ಹೇಳುತ್ತಿದ್ದರು. ಜೆಎಫ್‌ಕೆ, ಲಗ್ವಾರ್ಡಿಯಾ ಎರಡೂ ವಿಮಾನ ನಿಲ್ದಾಣ ಇರುವುದು ಕ್ವೀನ್ಸ್‌ನಲ್ಲೇ. ಆದರೂ ಇಳಿದವರು ಇಲ್ಲಿ ನಿಲ್ಲುತ್ತಿರಲಿಲ್ಲ. ಪ್ರವಾಸಿ ಕೈಪಿಡಿ ತರುವ ಲೋನ್ಲಿ ಪ್ಲಾನೆಟ್‌ನವರು 2015ಕ್ಕೆ ಅಮೆರಿಕದಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಮಾಡಿ ಕ್ವೀನ್ಸ್‌ಗೆ ಮೊದಲ ಸ್ಥಾನ ಕೊಟ್ಟಾಗ ನಮ್ಮ ಬಿಲ್ಡಿಂಗ್‌ನವರೇ ನಂಬಲಿಲ್ಲ. ಆ ಪಟ್ಟಿಗೋಸ್ಕರ ಇಲ್ಲಿ ಯಾರೂ ಏನೂ ಕಟ್ಟಿರಲಿಲ್ಲ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಜಗತ್ತಿನ ಎಲ್ಲ ಕಡೆಯ ಜನ ಬಂದು ಸೇರಿದ ಊರು ಇದು. ಅವರ ಅಂಗಡಿ, ಅಡುಗೆ, ಪೂಜೆ ಎಲ್ಲ ಮೊದಲಿಂದಲೂ ಇತ್ತು. ಎತ್ತರದ ಕಟ್ಟಡ ನೋಡಿ ಸಾಕಾಗಿ, ಜನ ಬದುಕುವ ಬೀದಿ ನೋಡಬೇಕು ಅಂತ ಪ್ರವಾಸಿಗರಿಗೆ ಈಗ ಅನ್ನಿಸಿದೆ, ಅಷ್ಟೇ.

ಒಂದು ದಿನ ಮ್ಯಾನ್‌ಹಟನ್‌ನಿಂದ ಕ್ವೀನ್ಸ್‌ಗೆ ಬರುವ 7ನೇ ನಂಬರ್ ಮೆಟ್ರೋ ರೈಲು ಹತ್ತಿ. ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಅದು ನೆಲದಿಂದ ಮೇಲಕ್ಕೆ ಬರುತ್ತೆ. ಅಪ್ಪನನ್ನು ಕಿಟಕಿ ಪಕ್ಕ ಕೂರಿಸಿ. ನಮ್ಮ ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ಇಳಿದರೆ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ, ಸೀರೆ ಅಂಗಡಿ, ಚಿನ್ನದಂಗಡಿ. ಎರಡು ಹೆಜ್ಜೆ ಮುಂದೆ ನೇಪಾಳಿ, ಟಿಬೆಟ್ ಮೊಮೊ. ಇನ್ನೂ ಸ್ವಲ್ಪ ಹೋದರೆ ಕೊಲಂಬಿಯಾದವರ ಬೇಕರಿ. ಮೊಮೊ ತಗೊಳ್ಳುವಾಗ ಒಳಗೆ ಏನಿದೆ ಅಂತ ಅಮ್ಮನಿಗೋಸ್ಕರ ಕೇಳಿಕೊಳ್ಳಿ.

ಕ್ವೀನ್ಸ್ ಮ್ಯೂಸಿಯಂ ಮಾತ್ರ ಬಿಡಬೇಡಿ. 1964ರ ವಿಶ್ವ ಮೇಳಕ್ಕೆ ಮಾಡಿದ ಇಡೀ ನ್ಯೂಯಾರ್ಕ್ ನಗರದ ಮಾದರಿ ಅಲ್ಲಿದೆ. ಎಂಟು ಲಕ್ಷಕ್ಕೂ ಜಾಸ್ತಿ ಪುಟ್ಟ ಕಟ್ಟಡಗಳು. 2001ರ ದಾಳಿಯಲ್ಲಿ ಬಿದ್ದ ಅವಳಿ ಗೋಪುರಗಳನ್ನು ಅದರಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ನಾನು ಊರಿಂದ ಬಂದ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹೊರಗೆ ಬಂದರೆ ಅದೇ ಮೇಳದ ಯೂನಿಸ್ಫಿಯರ್, ಹನ್ನೆರಡು ಅಂತಸ್ತಿನಷ್ಟು ಎತ್ತರದ ಉಕ್ಕಿನ ಭೂಗೋಳ. ರೈಲು ನಿಲ್ದಾಣದಿಂದ ಸ್ವಲ್ಪ ನಡಿಗೆ ಇದೆ, ಅಪ್ಪನಿಗೆ ಟ್ಯಾಕ್ಸಿ ಮಾಡಿಕೊಳ್ಳಿ.

ಊಟಕ್ಕೆ ಕ್ವೀನ್ಸ್‌ನಲ್ಲೇ ಇರುವ ಫ್ಲಶಿಂಗ್ ಗಣಪತಿ ದೇವಸ್ಥಾನ. 1977ರಲ್ಲಿ ಪ್ರತಿಷ್ಠೆ ಆಗಿದ್ದು. ಕೆಳಗಡೆ ಕ್ಯಾಂಟೀನ್‌ನಲ್ಲಿ ದೋಸೆ, ಇಡ್ಲಿ ಸಿಗುತ್ತೆ. ಅಮ್ಮ ನೆಮ್ಮದಿಯಾಗಿ ತಿನ್ನಬಹುದು.

ಎಡಿಸನ್ ಕನ್ನಡಿಗ:
ಮೊದಲ ಸಲ ಬರುವ ಹಿರಿಯರಿಗೆ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ಬೇಕು ಅಲ್ವಾ? ನಮ್ಮ ಕಡೆಯ ಅಂಗಡಿ ನೋಡೋಕೆ ಅಷ್ಟು ದೂರ ಬರಬೇಕಾ? ಸ್ವಲ್ಪ ದುಡ್ಡು ಜಾಸ್ತಿಯಾದರೂ ಮ್ಯಾನ್‌ಹಟನ್‌ನ ಮಿಡ್‌ಟೌನ್‌ನಲ್ಲೇ ಇರಿ. ವಾರಾಂತ್ಯದಲ್ಲಿ 7ನೇ ರೈಲು ರಿಪೇರಿ ಅಂತ ನಿಲ್ಲುವುದೂ ಉಂಟು.

ಏಳನೇ ನಂಬರ್ ರೈಲು:
ರಿಪೇರಿ ವಿಷಯ ನಿಜ ಸರ್. ಶನಿವಾರ, ಭಾನುವಾರ ಹೊರಡುವ ಮುಂಚೆ ನೋಡಿಕೊಳ್ಳಲೇಬೇಕು. ಆದರೆ ಲಾಂಗ್ ಐಲ್ಯಾಂಡ್ ಸಿಟಿಯ ಕೋರ್ಟ್ ಸ್ಕ್ವೇರ್ ನಿಲ್ದಾಣದಿಂದ ಮ್ಯಾನ್‌ಹಟನ್‌ನ ಗ್ರ್ಯಾಂಡ್ ಸೆಂಟ್ರಲ್ ಮೂರನೇ ಸ್ಟಾಪ್. ಎರಡೂ ಕಡೆ ಲಿಫ್ಟ್ ಇದೆ. ಲಿಬರ್ಟಿಯನ್ನೂ ನೋಡಬಹುದು, ರಾತ್ರಿ ಕಡಿಮೆ ಬಾಡಿಗೆಯ ರೂಮಿಗೂ ಬರಬಹುದು.

ನನ್ನ ಚಿಂತೆ ಬೇರೆ. ಹೆಸರು ಬಂದ ಮೇಲೆ ಬಾಡಿಗೆಯೂ ಏರುತ್ತೆ. ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಫೈವ್ ಪಾಯಿಂಟ್ಸ್ ಅಂತ ಗೋಡೆ ತುಂಬ ಚಿತ್ರ ಬಿಡಿಸಿದ್ದ ಹಳೇ ಕಾರ್ಖಾನೆ ಇತ್ತು. ಜನ ಅದನ್ನೇ ನೋಡೋಕೆ ಬರುತ್ತಿದ್ದರು. 2013ರಲ್ಲಿ ರಾತ್ರೋರಾತ್ರಿ ಬಿಳಿ ಬಣ್ಣ ಬಳಿದರು, ಮುಂದಿನ ವರ್ಷ ಕೆಡವಿದರು. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳಿವೆ. ನನಗೆ ಆ ದಾರಿಯಲ್ಲಿ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಅದಕ್ಕೇ ಬಂದವರು ಸುಮ್ನೆ ಫೋಟೋ ತೆಗೆದು ಹೋಗಬಾರದು, ಸಣ್ಣ ಅಂಗಡಿಗಳಲ್ಲಿ ತಿನ್ನಬೇಕು, ಕೊಳ್ಳಬೇಕು.

ತುಮಕೂರಿನ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಕೋರ್ಟ್ ಸ್ಕ್ವೇರ್ ಹತ್ತಿರವೇ ರೂಮ್ ನೋಡುತ್ತೇನೆ. ಅಕ್ಕ, ದೇವಸ್ಥಾನಕ್ಕೆ ರೈಲಿಳಿದು ಎಷ್ಟು ನಡೆಯಬೇಕು?

ಏಳನೇ ನಂಬರ್ ರೈಲು:
ಕೊನೆಯ ನಿಲ್ದಾಣ ಮೇನ್ ಸ್ಟ್ರೀಟ್‌ನಿಂದ ಇಪ್ಪತ್ತು ನಿಮಿಷದ ಮೇಲೆ ಆಗುತ್ತೆ. ಅಪ್ಪನಿಗೆ ಬೇಡ, ಟ್ಯಾಕ್ಸಿ ಹತ್ತಿ ಬೌನ್ ಸ್ಟ್ರೀಟ್ ಅನ್ನಿ.