ಪದಚರ್ಚೆ: ಥ್ಯೆನ್‌ಛಿ, ತಿಛಿ – ‘ಸ್ವರ್ಗೀಯ ಶಕ್ತಿ’ಯೋ, ‘ಬಾನಿನ ಆವಿ’ಯೋ?

ಪ್ರಶ್ನೆ: ಚೀನೀ ವೈದ್ಯ, ಋತುಚರ್ಯೆಯ ಬರಹಗಳು ಇಂಗ್ಲಿಷ್ ಮೂಲಕ ಕನ್ನಡಕ್ಕೆ ಬರುವಾಗ ಥ್ಯೆನ್‌ಛಿ, ತಿಛಿ ಎಂಬ ಜೋಡಿ ‘ಸ್ವರ್ಗೀಯ ಶಕ್ತಿ, ಪಾರ್ಥಿವ ಶಕ್ತಿ’ ಆಗುತ್ತಿದೆ. ಇದಕ್ಕಿಂತ ಒಳ್ಳೆಯ ಪದ ಇದೆಯೇ?

ಉತ್ತರ: ಇದೆ. ಇಲ್ಲಿ ಥ್ಯೆನ್ ಎಂದರೆ ತಲೆಯ ಮೇಲಿನ ಬಾನು, ಇಂದ್ರನ ಊರಲ್ಲ. ತಿ ಎಂದರೆ ನೆಲ. ಛಿ ಎಂದರೆ ಮೊದಲಿಗೆ ಹಬೆ, ಉಸಿರು. ಕ್ರಿ.ಶ. 100ರ ಸುಮಾರಿನ ಶುವೊವೆನ್ ನಿಘಂಟು ಅದರ ಹಳೆಯ ರೂಪಕ್ಕೆ ಕೊಡುವ ಅರ್ಥ ‘ಮೋಡದ ಆವಿ’.

ಅನುಮಾನವಿದ್ದರೆ ಮೂಲದ ಕ್ರಿಯಾಪದ ನೋಡಿ. ಆಚಾರವಿಧಿಗಳ ಹಳೆಯ ಗ್ರಂಥ ಲೀಜಿಯ ಮಾಸವಿಧಿಯಲ್ಲಿ ವಸಂತದ ಮೊದಲ ತಿಂಗಳು ಬಾನಿನ ಛಿ ಕೆಳಗಿಳಿಯುತ್ತದೆ, ನೆಲದ ಛಿ ಮೇಲೇರುತ್ತದೆ, ಗಿಡಮರ ಚಿಗುರುತ್ತವೆ. ಚಳಿಗಾಲದ ಮೊದಲ ತಿಂಗಳು ಬಾನಿನದು ಮೇಲಕ್ಕೆ, ನೆಲದ್ದು ಕೆಳಕ್ಕೆ. ಎರಡರ ನಡುವೆ ಹಾದಿ ಮುಚ್ಚಿ ಚಳಿಗಾಲವಾಗುತ್ತದೆ. ಏರುವುದು, ಇಳಿಯುವುದು, ಕಟ್ಟಿಕೊಳ್ಳುವುದು ಆವಿಯ ಕೆಲಸ. ‘ಶಕ್ತಿ ಇಳಿಯಿತು’ ಎಂದು ಬರೆದರೆ ಕನ್ನಡದಲ್ಲಿ ನಿತ್ರಾಣವಾಯಿತು ಎಂದಾಗುತ್ತದೆ!

ಹೆಚ್ಚು ಎಡವುವುದು ಹಳೆಯ ವೈದ್ಯಗ್ರಂಥ ಸೂವೆನ್‌ನ 5ನೇ ಅಧ್ಯಾಯದಲ್ಲಿ: ನೆಲದ ಆವಿ ಮೇಲೇರಿ ಮೋಡ, ಬಾನಿನ ಆವಿ ಕೆಳಗಿಳಿದು ಮಳೆ, ಮಳೆ ಹೊರಡುವುದು ನೆಲದ ಆವಿಯಿಂದ, ಮೋಡ ಹೊರಡುವುದು ಬಾನಿನ ಆವಿಯಿಂದ. ಎರಡನೆಯ ಅರ್ಧ ತಿರುವುಮುರುವಾಗಿದೆ ಎಂದುಕೊಂಡು ತಿದ್ದಬೇಡಿ. ಒಂದರೊಳಗಿಂದ ಇನ್ನೊಂದು ಹೊರಡುತ್ತದೆ ಎಂಬುದೇ ಅಲ್ಲಿನ ವಾದ. ಶಕುನ ನೋಡುವ ಗ್ರಂಥ ಯಿಜಿಂಗ್‌ನ 11ನೇ ಷಡ್ರೇಖೆ (ಆರು ಗೆರೆಗಳ ಚಿಹ್ನೆ) ಥಾಯ್ ಕೂಡ ಹಾಗೆಯೇ. ನೆಲ ಮೇಲೆ, ಬಾನು ಕೆಳಗೆ. ಆದರೂ ಅದು ಶುಭ. ಮೇಲೇರುವುದು ಕೆಳಗಿದ್ದು, ಇಳಿಯುವುದು ಮೇಲಿದ್ದರೆ ತಾನೇ ಎರಡೂ ಕೂಡುವುದು? ಬಾನು ಮೇಲೆ, ನೆಲ ಕೆಳಗೆ ಇರುವ 12ನೆಯದು ಫಿ, ಅಡಚಣೆ.

ಹಾನ್ ಕಾಲದ ಪಂಡಿತರು ಈ ಆವಿಯನ್ನು ಅಳೆಯಲೂ ಹೊರಟಿದ್ದರು. ಮೂರು ಸುತ್ತಿನ ಕೋಣೆ, ಬಿರುಕು ಬಿಡದೆ ಮೆತ್ತಿದ ಗೋಡೆ, ರೇಷ್ಮೆ ಪರದೆ. ಒಳಗೆ ಓರೆಯಾದ ಮರದ ಮಣೆಗಳ ಮೇಲೆ ದಿಕ್ಕಿನ ಪ್ರಕಾರ 12 ಶ್ರುತಿನಳಿಕೆ, ಅಂದರೆ ಒಂದೊಂದು ಸ್ವರದ ಕೊಳವೆ. ತಗ್ಗಾದ ಒಳತುದಿಗೆ ಜೊಂಡಿನ ಒಳಪೊರೆಯ ಬೂದಿ. ದಕ್ಷಿಣಾಯನ ಮುಗಿಯುವ ದಿನ 9 ತ್ಸುನ್ (ಚೀನೀ ಅಂಗುಲ) ಉದ್ದದ ಹ್ವಾಂಗ್‌ಜುಂಗ್ ನಳಿಕೆಯ ಬೂದಿ ಹಾರಬೇಕು. ಬೂದಿ ಚದರಿದರೆ ಆವಿ ಬಂದಿದೆ, ಗುಡ್ಡೆಯಾಗಿದ್ದರೆ ಗಾಳಿಯ ಅಥವಾ ಮನುಷ್ಯರ ಕೈವಾಡ. ಮಿಂಗ್ ರಾಜಕುಮಾರ ಜೂ ತ್ಸಾಯ್‌ಯೂ ಇದನ್ನು ಒಪ್ಪಲಿಲ್ಲ. ಅವರ ಮಾತೇ ಸರಿ ಎನ್ನಬೇಕು, ಆದರೆ ಬೂದಿ ಹಾರಿಸುವ ವಸ್ತುವಿಗೆ ‘ಶಕ್ತಿ’ ಎನ್ನುವುದಂತೂ ಕಷ್ಟ.

ನನ್ನ ಸಲಹೆ ‘ಬಾನಿನ ಆವಿ, ನೆಲದ ಆವಿ’. ತಮಿಳಿನಲ್ಲಿ ಆವಿಗೆ ಹಬೆ, ಉಸಿರು, ಜೀವ ಮೂರೂ ಅರ್ಥವಿದೆ. ಛಿಯ ಅರ್ಥ ಹರಡಿಕೊಂಡಿರುವುದೂ ಈ ಮೂರರಲ್ಲಿಯೇ. ವೈದ್ಯದಲ್ಲಿ ನಾಡಿಯೊಳಗೆ ಹರಿಯುವ ಛಿಯನ್ನು ಮಾತ್ರ ಹಾಗೆಯೇ ಉಳಿಸಿ. ‘ಕ್ವಿ’ ಎಂದು ಬರೆಯಬೇಡಿ. ‘ಛಿ’ಯ ಹ್ರಸ್ವವನ್ನು ಎಳೆದರೆ ಬೈಗುಳವಾಗುತ್ತದೆ, ನಿಜ; ಆದರೂ ಉಚ್ಚಾರಕ್ಕೆ ಹತ್ತಿರವಿರುವುದು ‘ಛಿ’ಯೇ.

ಇನ್ನೊಂದು ಉತ್ತರ: ಮೇಲಿನದು ಹಳೆಯ ಪಠ್ಯಗಳಿಗೆ ಸರಿ. ಇವತ್ತಿನ ಚೀನೀ ಮಾತಿನಲ್ಲಿ ಥ್ಯೆನ್‌ಛಿ ಎಂದರೆ ಬರೀ ಹವೆ. ‘ನಾಳೆ ಥ್ಯೆನ್‌ಛಿ ಹೇಗೆ’ ಎಂದರೆ ಮಳೆ ಬರುತ್ತದೆಯೇ ಎಂದು ಕೇಳಿದಂತೆ. ‘ಜ್ಯೆ ತಿಛಿ’, ಅಂದರೆ ನೆಲದ ಆವಿಗೆ ತಾಗುವುದು, ಜನಸಾಮಾನ್ಯರಿಗೆ ಹತ್ತಿರವಾಗಿರುವುದಕ್ಕೆ ಹೇಳುವ ನುಡಿಗಟ್ಟು. ಭಾಷಣ, ಸಿನಿಮಾ, ಅಧಿಕಾರಿಗಳ ಬಗ್ಗೆ ಇದು ಬಂದಾಗ ಆವಿಯೂ ಬೇಡ, ಶಕ್ತಿಯೂ ಬೇಡ. ‘ಮಣ್ಣಿನ ವಾಸನೆಯಿದೆ’ ಎಂದರೆ ಸಾಕು.