ರಬ್ಬರ್ ವಾಚ್ ಬೆಲ್ಟ್ ಮನೆಯಲ್ಲೇ ಅಳತೆಗೆ ತರುವುದು ಹೇಗೆ? ಗೊತ್ತಿರುವವರು ತಿಳಿಸಿ

ಪ್ರಶ್ನೆ

ಹೊಸ ವಾಚಿನದು ಕಪ್ಪು ರಬ್ಬರ್ ಬೆಲ್ಟ್, ಅಗಲ 20 ಮಿ.ಮೀ. ತೂತುಗಳಿಲ್ಲ, ಮಡಚುವ ಸ್ಟೀಲ್ ಲಾಕ್ ಇದೆ, ಒಳಮೈಯಲ್ಲಿ ಅಡ್ಡಗೆರೆಗಳಿವೆ. ಹಾಕಿಕೊಂಡರೆ ಸುಮಾರು 22 ಮಿ.ಮೀ. ಸಡಿಲ. ಇನ್ನೊಂದು ವಾಚಿಗೆ ತೂತಿರುವ ಸಿಲಿಕೋನ್ ಬೆಲ್ಟ್; ಕೊನೆಯ ತೂತಿಗೆ ಹಾಕಿದರೂ ಜಾರುತ್ತದೆ. ಎರಡನ್ನೂ ಮನೆಯಲ್ಲೇ ಸರಿಮಾಡಬಹುದೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1

ಅಡ್ಡಗೆರೆಯೂ ಮಡಚುವ ಲಾಕೂ ಇದೆ ಅಂದರೆ ಕತ್ತರಿಸಿ ಅಳತೆಗೆ ತಂದುಕೊಳ್ಳಲೆಂದೇ ಮಾಡಿದ ಬೆಲ್ಟ್ ಅದು ಸರ್. ಮನೆಯಲ್ಲೇ ಆಗುತ್ತದೆ. ಬ್ಲೇಡ್ ಮಾತ್ರ ಕೊನೆಗೆ ಬರಲಿ.

ಮೊದಲು ಲಾಕಿನ ಪಕ್ಕ ನೋಡಿ. ಹಲವು ಲಾಕ್‌ಗಳಲ್ಲಿ ಸಾಲಾಗಿ ಎರಡು-ಮೂರು ಸಣ್ಣ ತೂತುಗಳಿರುತ್ತವೆ, ಬೆಲ್ಟನ್ನು ಹಿಡಿದಿಡುವ ಸ್ಪ್ರಿಂಗ್ ಪಿನ್ (ಒತ್ತಿದರೆ ತುದಿ ಒಳಸರಿಯುವ ಸಣ್ಣ ಕಡ್ಡಿ) ಅವುಗಳಲ್ಲಿ ಒಂದರಲ್ಲಿ ಕೂತಿರುತ್ತದೆ. ಅದನ್ನು ನಡುವಿನ ತೂತಿಗೆ ಬದಲಿಸಿ, ಆಮೇಲೆ ಸಡಿಲ ಎಷ್ಟು ಅಂತ ಅಳೆಯಿರಿ. ಹೀಗೆ ಮಾಡಿದರೆ ಸೆಕೆಗೆ ಕೈ ಊದಿದಾಗ ಒಂದು ತೂತು ಸಡಿಲಿಸಲು, ಚಳಿಗಾಲದಲ್ಲಿ ಒಂದು ತೂತು ಬಿಗಿಮಾಡಲು ಜಾಗ ಉಳಿಯುತ್ತದೆ. ಅಳತೆ ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ತೆಗೆಯಿರಿ. ಎಸಿ ಕೋಣೆಯಲ್ಲಿ ಕೂತು ಅಳೆದು ಕತ್ತರಿಸಿದ ಬೆಲ್ಟ್ ಹೊರಗೆ ಬಂದ ಮೇಲೆ ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯವರಂತೂ ಇದನ್ನು ಮರೆಯಬಾರದು. ಬೆವರು ಆರಲು ಬೆಲ್ಟಿನಡಿ ಗಾಳಿಯಾಡಬೇಕು.

ಇನ್ನು ಲೆಕ್ಕ. ಒಂದು ಗೆರೆಯಿಂದ ಮುಂದಿನ ಗೆರೆಗೆ 5 ಮಿ.ಮೀ. ಇದೆ ಅಂದುಕೊಳ್ಳಿ, ನಿಮ್ಮದನ್ನು ಸ್ಕೇಲ್ ಇಟ್ಟು ನೋಡಿಕೊಳ್ಳಿ. 22 ಮಿ.ಮೀ. ಸಡಿಲಕ್ಕೆ ನಾಲ್ಕು ತುಂಡು, ಅಂದರೆ 20 ಮಿ.ಮೀ. ಮಿಕ್ಕ ಎರಡನ್ನು ಲಾಕಿನ ತೂತು ನೋಡಿಕೊಳ್ಳುತ್ತದೆ. ಆದರೆ ನಾಲ್ಕನ್ನೂ ಒಟ್ಟಿಗೆ ತೆಗೆಯಬೇಡಿ. 12 ಗಂಟೆಯ ಕಡೆಯಿಂದ ಒಂದು, 6 ಗಂಟೆಯ ಕಡೆಯಿಂದ ಒಂದು. ಲಾಕ್ ಜೋಡಿಸಿ, ಕೈಗೆ ಹಾಕಿ ನೋಡಿ, ಆಮೇಲೆ ಮುಂದಿನ ಜೋಡಿ. ಕಿರುಬೆರಳ ತುದಿ ಬೆಲ್ಟಿನಡಿ ನುಸುಳುವಷ್ಟಾದರೆ ಅಲ್ಲಿಗೆ ನಿಲ್ಲಿಸಿ.

ಒಂದು ತುಂಡು ಮಾತ್ರ ಇನ್ನೂ ತೆಗೆಯಬೇಕು ಅನ್ನಿಸಿದರೆ ಯಾವ ಕಡೆ? ಎಡಗೈಗೆ ಕಟ್ಟುವವರು ಅಂಗೈ ಮೇಲೆ ಮಾಡಿ ಲಾಕ್ ಎಲ್ಲಿ ಕೂತಿದೆ ನೋಡಿ. ಹೆಬ್ಬೆರಳಿನ ಕಡೆಗೆ ಸರಿದಿದ್ದರೆ 12ರ ಕಡೆಯ ಬೆಲ್ಟ್ ಉದ್ದ, ಅಲ್ಲಿಂದ ತೆಗೆಯಿರಿ. ಕಿರುಬೆರಳಿನ ಕಡೆಗೆ ಸರಿದಿದ್ದರೆ 6ರ ಕಡೆಯಿಂದ. ಬಲಗೈಯಾದರೂ ಲೆಕ್ಕ ಇದೇ. ಲಾಕ್ ನಡುವಿಗೆ ಬರದಿದ್ದರೆ ಡಯಲ್ ಒಂದೇ ಕಡೆಗೆ ವಾಲುತ್ತಿರುತ್ತದೆ, ಎಷ್ಟು ಬಿಗಿ ಮಾಡಿದರೂ ಸರಿಹೋಗುವುದಿಲ್ಲ.

ಉತ್ತರ 2

ಮೇಲಿನ ಲೆಕ್ಕ ಸರಿಯಾಗಿದೆ. ಎಲ್ಲಿ, ಹೇಗೆ ಕತ್ತರಿಸಬೇಕು ಅನ್ನುವುದನ್ನು ಸೇರಿಸುತ್ತೇನೆ, ಏಕೆಂದರೆ ಹೆಚ್ಚಿನ ಬೆಲ್ಟ್‌ಗಳು ಹಾಳಾಗುವುದು ಅಲ್ಲೇ.

ಬೆಲ್ಟನ್ನು ಪಕ್ಕದಿಂದ ಬೆಳಕಿಗೆ ಹಿಡಿಯಿರಿ. ಪ್ರತಿ ಉಬ್ಬಿನ ಒಳಗೆ ಅಡ್ಡಲಾಗಿ ಒಂದು ಸಣ್ಣ ಕೊಳವೆ ಕಾಣುತ್ತದೆ. ಸ್ಪ್ರಿಂಗ್ ಪಿನ್ ತೂರುವುದು ಅದರಲ್ಲಿ. ಎರಡು ಉಬ್ಬುಗಳ ನಡುವಿನ ತಗ್ಗಾದ ಗೆರೆಯೇ ಕತ್ತರಿಸುವ ಜಾಗ. ಬ್ಲೇಡ್ ಒಂದು ಮಿ.ಮೀ. ಆಚೀಚೆ ಆದರೂ ಕೊಳವೆಯ ಗೋಡೆ ತೆಳ್ಳಗಾಗುತ್ತದೆ. ಅಂಥ ಬೆಲ್ಟ್ ಮೊದಲ ದಿನ ಏನೂ ಆಗದೆ, ಕೆಲವು ವಾರಗಳ ಎಳೆತದ ನಂತರ ಪಿನ್ ಹತ್ತಿರ ಹರಿಯುತ್ತದೆ.

ಕತ್ತರಿ ಬೇಡ. ದಪ್ಪ ರಬ್ಬರಿನಲ್ಲಿ ಕತ್ತರಿಯ ಎರಡು ಅಲಗೂ ರಬ್ಬರನ್ನು ಮುಂದಕ್ಕೆ ತಳ್ಳುತ್ತವೆ, ಮೇಲೆ ನೇರವಿದ್ದ ಗೆರೆ ಕೆಳಗೆ ಓರೆಯಾಗಿರುತ್ತದೆ. ಹೊಸ ಕಟರ್ ಬ್ಲೇಡ್ ತಗೊಳ್ಳಿ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯ ಮೇಲೆ ಬೆಲ್ಟಿನ ಒಳಮೈ ಮೇಲೆ ಬರುವಂತೆ ಮಲಗಿಸಿ, ಅಡ್ಡಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿಯಿರಿ. ಅಲಗಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಸವರಿದರೆ ರಬ್ಬರ್ ಕಚ್ಚಿಕೊಳ್ಳುವುದಿಲ್ಲ. ನೇರವಾಗಿ ಕೆಳಕ್ಕೆ ಒತ್ತಿ. ಗರಗಸದಂತೆ ಹಿಂದೆ ಮುಂದೆ ಎಳೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಗೆರೆಗಳು ಮುಗಿದ ಮೇಲೆ ಕತ್ತರಿಸಲೇಬಾರದು. ಅಲ್ಲಿಂದಾಚೆ ಪಿನ್ನಿಗೆ ಕೊಳವೆ ಇರುವುದಿಲ್ಲ, ಬೆಲ್ಟ್ ದಪ್ಪವಾಗಿ ಲಾಕಿನೊಳಗೆ ಹೋಗುವುದೂ ಇಲ್ಲ. ಹಾಗೆಯೇ ವಾಚಿಗೆ ಸೇರುವ ತುದಿಯನ್ನು ಯಾವ ಬೆಲ್ಟಿನಲ್ಲೂ ಮುಟ್ಟಬೇಡಿ.

ಉತ್ತರ 3

ಸಿಲಿಕೋನ್ ಬೆಲ್ಟಿಗೆ ಕತ್ತರಿಸುವ ಮಾತೇ ಇಲ್ಲ, ಹೊಸ ತೂತು ಬೇಕು. ಇರುವ ತೂತುಗಳ ನಡುವಿನ ಅಂತರ ಅಳೆಯಿರಿ. ಉದಾಹರಣೆಗೆ 7 ಮಿ.ಮೀ. ಇದ್ದರೆ ಒಂದು ತೂತಿಗೆ ಅಷ್ಟೇ ಬಿಗಿ ಸಿಗುತ್ತದೆ. ಕೊನೆಯ ತೂತಿನಿಂದ ಡಯಲ್ ಕಡೆಗೆ ಅದೇ ಅಂತರದಲ್ಲಿ, ಅದೇ ನೇರಕ್ಕೆ ಗುರುತು ಹಾಕಿ. ಸಿಲಿಕೋನ್ ಮೇಲೆ ಪೆನ್ ಹಿಡಿಯುವುದಿಲ್ಲ, ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಬರೆಯಿರಿ.

ತೂತಿನ ಗಾತ್ರ ಊಹಿಸಬೇಡಿ. ಹಳೆಯ ತೂತಿಗೆ ಡ್ರಿಲ್ ಬಿಟ್‌ನ ಹಿಂಬದಿ ತೂರಿಸಿ ನೋಡಿ, ಸರಾಗವಾಗಿ ಕೂರುವ ಬಿಟ್ ಎಷ್ಟು ಮಿ.ಮೀ. ಅಂತ ಅದರ ಮೇಲೇ ಬರೆದಿರುತ್ತದೆ. ಆಮೇಲೆ ಚರ್ಮಕ್ಕೆ ತೂತು ಹೊಡೆಯುವ ಅದೇ ಅಳತೆಯ ಪಂಚ್ ಸಾಕು. ಮನೆಯಲ್ಲಿ ಇಲ್ಲದಿದ್ದರೆ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಇರುತ್ತದೆ, ಗುರುತು ಹಾಕಿಕೊಂಡು ಹೋಗಿ ಹೊಡೆಸಿಕೊಂಡು ಬನ್ನಿ. ಬೆಲ್ಟಿನಡಿ ಹಳೆಯ ಚರ್ಮದ ತುಂಡು ಇಟ್ಟು, ಹೊರಮೈ ಕಡೆಯಿಂದ ಒಂದೇ ಏಟು.

ಮೊಳೆಯಿಂದಲೋ ದಬ್ಬಳದಿಂದಲೋ ಚುಚ್ಚಿದರೆ ರಬ್ಬರ್ ಹೊರಬರುವುದಿಲ್ಲ, ಸೀಳುತ್ತದೆ ಅಷ್ಟೆ. ಸಿಲಿಕೋನಿನಲ್ಲಿ ಒಂದು ಸಣ್ಣ ಸೀಳು ಇದ್ದರೆ ಎಳೆದಂತೆಲ್ಲ ಅದು ಮುಂದಕ್ಕೆ ಓಡುತ್ತದೆ. ದುಂಡನೆಯ ತೂತಿನಲ್ಲಿ ಎಳೆತ ಸುತ್ತಲೂ ಹಂಚಿಹೋಗುವುದರಿಂದ ಬಾಳಿಕೆ ಬರುತ್ತದೆ.

ಎರಡು ತೂತಿಗಿಂತ ಹೆಚ್ಚು ಬೇಕಾದರೆ ಬೆಲ್ಟೇ ನಿಮ್ಮ ಕೈಗೆ ಉದ್ದ. ಬಕಲ್ ಪಕ್ಕಕ್ಕೆ ಸರಿಯುತ್ತದೆ, ಬಾಲ ಲೂಪ್ ದಾಟಿ ಹೊರಚಾಚುತ್ತದೆ. ಚಿಕ್ಕ ಅಳತೆಯ ಬೇರೆ ಬೆಲ್ಟ್ ಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಇನ್ನೆರಡು ಸಂಶಯ. ಸೋಲ್ಡರಿಂಗ್ ಐರನ್ನಿನಿಂದ ತೂತು ಮಾಡಬಹುದೇ? ಒಂದು ವೇಳೆ ಹೆಚ್ಚು ಕತ್ತರಿಸಿಬಿಟ್ಟರೆ ಫೆವಿಕ್ವಿಕ್‌ನಲ್ಲಿ ಅಂಟಿಸಬಹುದೇ?

ಉತ್ತರ 4

ಎರಡೂ ಬೇಡ. ಪಾಲಿಯುರೆಥೇನ್ (ರಬ್ಬರಿನಂತೆ ಬಾಗುವ ಒಂದು ಬಗೆಯ ಪ್ಲಾಸ್ಟಿಕ್) ಬೆಲ್ಟ್ ಕಾಯಿಸಿದರೆ ಕರಗಿ, ತೂತಿನ ಸುತ್ತ ಗಟ್ಟಿ ಉಂಗುರ ಕಟ್ಟುತ್ತದೆ. ಮಡಚಿದಾಗ ಬಿರುಕು ಬಿಡುವುದು ಅಲ್ಲಿಂದಲೇ. ಸಿಲಿಕೋನ್ ಕರಗುವುದೇ ಇಲ್ಲ, ಸುಟ್ಟು ಪುಡಿಯಾಗುತ್ತದೆ. ಎಲ್ಲಕ್ಕಿಂತ ಅಪಾಯ ಎಫ್‌ಕೆಎಂ ರಬ್ಬರಿನದು. ವೈಟಾನ್ ಅಂತ ಮಾರುವುದು ಇದೇ ಜಾತಿ, ದುಬಾರಿ ಬೆಲ್ಟ್‌ಗಳಲ್ಲಿ ಹೆಚ್ಚು. ಅದರಲ್ಲಿ ಫ್ಲೋರಿನ್ ಇದೆ. ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತದೆ. ಅದು ವಿಷ, ಮುಚ್ಚಿದ ಕೋಣೆಯಲ್ಲಂತೂ ಆ ಗೊಡವೆಗೇ ಹೋಗಬೇಡಿ. ಯಾವ ರಬ್ಬರ್ ಅಂತ ಗೊತ್ತಿಲ್ಲದಿದ್ದರೆ ಬೆಂಕಿ ಹಚ್ಚಿ ಪರೀಕ್ಷಿಸುವುದೂ ಬೇಡ.

ಫೆವಿಕ್ವಿಕ್ ಸಿಲಿಕೋನಿಗೆ ಹಿಡಿಯುವುದೇ ಇಲ್ಲ. ಬೇರೆ ರಬ್ಬರಿಗೆ ಹಿಡಿದರೂ ಒಣಗಿದ ಅಂಟು ಗಾಜಿನಂತೆ ಪೆಡಸು, ಬೆಲ್ಟ್ ಬಾಗುವ ಜಾಗದಲ್ಲಿ ನಿಲ್ಲದು. ಹೆಚ್ಚು ಕತ್ತರಿಸಿದ್ದಕ್ಕೆ ಇರುವ ದಾರಿ ಲಾಕಿನ ಪಿನ್ನನ್ನು ತೀರಾ ಹೊರಗಿನ ತೂತಿಗೆ ಹಾಕುವುದು. ಅದೂ ಸಾಲದಿದ್ದರೆ ಹೊಸ ಬೆಲ್ಟ್.

ಉತ್ತರ 5

ಕತ್ತರಿಸುವ ಮೊದಲು ಇದನ್ನೂ ನೋಡಿ. ಹೊಸ ಗಟ್ಟಿ ಬೆಲ್ಟ್ ಚಪ್ಪಟೆಯಾಗಿ ನಿಂತು, ಮಣಿಕಟ್ಟಿನ ಎರಡೂ ಪಕ್ಕ ಸಂದು ಬಿಟ್ಟರೆ ಉದ್ದ ಹೆಚ್ಚಿದೆ ಅನ್ನಿಸುತ್ತದೆ. ಪಾಲಿಯುರೆಥೇನ್ ಬೆಲ್ಟ್ ಆದರೆ ವಾಚಿನಿಂದ ಬಿಚ್ಚಿ, ಸುರುಳಿ ಮಾಡಿ ಸ್ಟೀಲ್ ಲೋಟದೊಳಗೆ ಕೂರಿಸಿ, ಕುದಿಯುವ ನೀರು ಹಾಕಿ ಎರಡು-ಮೂರು ನಿಮಿಷ ಬಿಡಿ. ಸುರುಳಿ ಬಿಚ್ಚದಂತೆ ಹಾಗೇ ತಣ್ಣೀರಿಗೆ ಹಾಕಿ. ಬಾಗಿದ ಆಕಾರ ನಿಲ್ಲುತ್ತದೆ. ಸಿಲಿಕೋನಿಗೆ ಇದು ಕೆಲಸ ಮಾಡದು, ಮತ್ತೆ ಮೊದಲಿನಂತೆ ಆಗುತ್ತದೆ. ವಾಚ್ ಮಾತ್ರ ಬಿಸಿನೀರಿನ ಹತ್ತಿರ ತರಬೇಡಿ, ವಾಟರ್‌ಪ್ರೂಫ್ ಅಂತ ಬರೆದಿದ್ದರೂ ಸರಿ.

ಪಿನ್ ಬಿಚ್ಚುವಾಗ ಕೈಯನ್ನೂ ವಾಚನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಮಾಡಿ, ಚಿಮ್ಮಿದ ಪಿನ್ ಅಲ್ಲೇ ಬೀಳುತ್ತದೆ. ಬಾಗಿದ, ತುಕ್ಕು ಹಿಡಿದ ಪಿನ್ ಮತ್ತೆ ಹಾಕಬೇಡಿ. ಹೊಸದು ಕೊಳ್ಳುವಾಗ ಉದ್ದದ ಜೊತೆ ದಪ್ಪವನ್ನೂ ಹೇಳಿ: 1.5, 1.8, 2.5 ಮಿ.ಮೀ. ಹೀಗೆ ಬೇರೆ ಬೇರೆ ಇವೆ. ತೆಳ್ಳಗಿನದು ಅಗಲ ಕೊಳವೆಯಲ್ಲಿ ಅಲ್ಲಾಡಿ ರಬ್ಬರನ್ನು ಸವೆಸುತ್ತದೆ. ಕೂರಿಸಿದ ಮೇಲೆ ಎರಡೂ ತುದಿ ಟಕ್ ಅನ್ನಬೇಕು. ಆಮೇಲೆ ಮೆತ್ತನೆಯ ಹಾಸಿಗೆಯ ಮೇಲೆ ಹಿಡಿದು ಬೆಲ್ಟಿನ ಎರಡೂ ತುಂಡನ್ನು ಒಂದೊಂದಾಗಿ ಜಗ್ಗಿ, ತಿರುಚಿ ನೋಡಿ. ಅರ್ಧ ಕೂತ ಪಿನ್ ಆಗಲೇ ಬಿಚ್ಚಿಕೊಳ್ಳುತ್ತದೆ.