ಅಪ್‌ಡೇಟ್: ಕೊನೆಗೂ ರಾಕೆಟ್ ಕ್ಲಬ್ ಸೇರಿದೆ

ಬಾಹ್ಯಾಕಾಶದ ಹುಚ್ಚಿರುವವರು ಯಾವ ಸಂಘ ಸೇರಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೆಚ್ಚಿನವರು ಹೇಳಿದ್ದು ಪ್ಲಾನೆಟರಿ ಸೊಸೈಟಿ. 1980ರಲ್ಲಿ ಖಗೋಳವಿಜ್ಞಾನಿ ಕಾರ್ಲ್ ಸಗಾನ್ ಮತ್ತಿಬ್ಬರು ಕಟ್ಟಿದ ಸಂಸ್ಥೆ. ಜನರ ದುಡ್ಡಿನಿಂದಲೇ 2019ರಲ್ಲಿ ಲೈಟ್‌ಸೇಲ್ 2 ಎಂಬ ಪುಟ್ಟ ಹಾಯಿ ನೌಕೆಯನ್ನು ಬಾಹ್ಯಾಕಾಶಕ್ಕೆ ಕಳಿಸಿದರು. ಬರೀ ಸೂರ್ಯನ ಬೆಳಕಿನ ಒತ್ತಡದಿಂದ ಕಕ್ಷೆ ಬದಲಿಸಿತು ಅದು! ಆದರೆ ನನಗೆ ಕೈಯಾರೆ ರಾಕೆಟ್ ಕಟ್ಟಬೇಕಿತ್ತು. ಹಾಗಾಗಿ ಹವ್ಯಾಸಕ್ಕೆ ದೊಡ್ಡ ರಾಕೆಟ್ ಹಾರಿಸುವವರ ಸಂಘವಾದ ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ ಸೇರಿದೆ.

ಇಲ್ಲಿ ಸುಮ್ನೆ ದೊಡ್ಡ ಮೋಟಾರ್ ಹಾರಿಸಲು ಬಿಡುವುದಿಲ್ಲ. ಮೊದಲ ಹಂತದ ಸರ್ಟಿಫಿಕೇಟ್‌ಗೆ ಎಚ್ ಅಥವಾ ಐ ವರ್ಗದ ಮೋಟಾರ್ ಹಾರಿಸಬೇಕು (ಇಂಗ್ಲಿಷ್ ಅಕ್ಷರ ಮುಂದೆ ಹೋದಷ್ಟೂ ಮೋಟಾರ್‌ನ ಶಕ್ತಿ ಹೆಚ್ಚು). ಎರಡನೆಯದಕ್ಕೆ ಜೆ, ಕೆ, ಎಲ್, ಜೊತೆಗೆ ಲಿಖಿತ ಪರೀಕ್ಷೆ. ಎಂ ಮತ್ತು ಮೇಲಿನದಕ್ಕೆ ಮೂರನೇ ಹಂತ. ರಾಕೆಟ್ ಮೇಲೇರಿದರೆ ಸಾಲದು, ಪ್ಯಾರಾಚೂಟ್ ಬಿಚ್ಚಿ ಸರಿಯಾಗಿ ಇಳಿಯಲೇಬೇಕು. ಕಷ್ಟ ಇರುವುದೇ ಅಲ್ಲಿ, ಅಲ್ವಾ? ನಾನೀಗ ಮೊದಲ ಹಂತದ ರಾಕೆಟ್‌ಗೆ ರೆಕ್ಕೆ ಅಂಟಿಸುತ್ತಿದ್ದೇನೆ.